ಎಳೆಯ ಆಟಗಾರ ಯಾರ ಜೊತೆಗಿರಬೇಕು? ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಮೆಂಟರಿಂಗ್, ಲೋನ್, ಪಂದ್ಯ – ಯಾವುದು ಯಾರಿಗೆ

ಶಿರಸಿಯಲ್ಲಿರುವ ನನ್ನ ಅಕ್ಕನ ಮಗ ಕಳೆದ ಮಳೆಗಾಲದ ಒಂದು ರಾತ್ರಿ ಫೋನ್ ಮಾಡಿದ. "ಮಾವಾ, ಕ್ಲಬ್ಬಿಗೆ ಒಬ್ಬ ಹುಡುಗ ಬಂದಿದ್ದಾನೆ. ಹದಿನಾರು ವರ್ಷ. ಚೆಂಡು ಕಾಲಿಗೆ ಬಂದರೆ ಸಾಕು, ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಆದರೆ ಅಭ್ಯಾಸ ಎಂದರೆ ಅಸಡ್ಡೆ. ಇವನನ್ನು ಲೋನ್‌ಗೆ ಕಳಿಸಲೋ, ಮೆಂಟರಿಂಗ್ ಗುಂಪಿಗೆ ಹಾಕಲೋ, ಸೀದಾ ಆಡಿಸಿಬಿಡಲೋ?" ಕಾರವಾರದಲ್ಲಿ ಮಳೆ ಹಿಡಿದು ಅದು ಮೂರನೆಯ ದಿನ. ಕರೆಂಟ್ ಹೋಗಿತ್ತು, ಲ್ಯಾಪ್‌ಟಾಪಿನಲ್ಲಿ ಉಳಿದ ಬ್ಯಾಟರಿಯಲ್ಲೇ ನಾನೂ ನನ್ನ ಕ್ಲಬ್ಬಿನ ಹುಡುಗರ ಪಟ್ಟಿ ನೋಡುತ್ತಾ ಕುಳಿತಿದ್ದೆ. ಅವನು ಹೇಳುತ್ತಿದ್ದ ಹುಡುಗ ಇರುವುದು ಫುಟ್‌ಬಾಲ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಆಟದೊಳಗೆ, ಅಲ್ಲಿ ಕ್ಲಬ್ ನಡೆಸುವವರು ನಾವೇ. ಆದರೆ ಐದಾರು ಸೀಸನ್ ಒಂದೇ ಕ್ಲಬ್ ನಡೆಸಿದವರಿಗೆ ಗೊತ್ತು, ಇಂಥ ಹುಡುಗ ಹಾಳಾದರೆ ಎಷ್ಟು ನೋವಾಗುತ್ತದೆಂದು. ಅಂದು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹುಡುಗನಿಗೆ ಹದಿನೆಂಟು ತುಂಬಿಲ್ಲ, ಸ್ವಭಾವ ಸರಿಯಿಲ್ಲ ಎಂದಾದರೆ ಮೆಂಟರಿಂಗ್, ಅಂದರೆ ಹಿರಿಯ ಆಟಗಾರರ ಗುಂಪಿನಲ್ಲಿ ಇಡುವುದು. ಹದಿನೆಂಟು ದಾಟಿದೆ, ಸ್ವಭಾವ ಗಟ್ಟಿಯಿದೆ ಎಂದಾದರೆ ಪಂದ್ಯ. ನಿಮ್ಮ ತಂಡದಲ್ಲಿ ಜಾಗ ಇಲ್ಲದಿದ್ದರೆ ಮಾತ್ರ ಲೋನ್, ಅಂದರೆ ಸ್ವಲ್ಪ ಕಾಲ ಬೇರೆ ಕ್ಲಬ್ಬಿಗೆ ಆಡಲು ಕಳಿಸುವುದು. ವಯಸ್ಸೂ ಚಿಕ್ಕದು, ಸ್ವಭಾವವೂ ಒಳ್ಳೆಯದು ಎಂಬ ಪುಣ್ಯವಂತ ಸಿಕ್ಕರೆ ಯುವ ತಂಡದಲ್ಲೇ ಬಿಡಿ, ಅವನಷ್ಟಕ್ಕೆ ಅವನು ಬೆಳೆಯುತ್ತಾನೆ. ಹದಿನೆಂಟು ದಾಟಿಯೂ ಸ್ವಭಾವ ಕೆಟ್ಟಿರುವವನದೇ ಕಷ್ಟ. ಅವನ ವಿಷಯ ಮುಂದೆ ಬರುತ್ತದೆ.

ಸ್ವಭಾವಕ್ಕೆ ಇಷ್ಟು ತೂಕ ಏಕೆ ಕೊಡುತ್ತೇನೆ ಎಂದು ಕೇಳಬಹುದು. ಈ ಆಟದಲ್ಲಿ ಪ್ರತಿ ಆಟಗಾರನ ಒಟ್ಟು ಸಾಮರ್ಥ್ಯಕ್ಕೆ 200ರವರೆಗಿನ ಎರಡು ಅಂಕೆಗಳಿವೆ: ಈಗ ಇರುವುದು ಒಂದು, ಮುಂದೆ ಮುಟ್ಟಬಹುದಾದ ಎಲ್ಲೆ ಇನ್ನೊಂದು. ಎರಡೂ ನಮಗೆ ಕಾಣುವುದಿಲ್ಲ, ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟ್‌ಗಳು ಕೊಡುವ ನಕ್ಷತ್ರಗಳಿಂದ ಊಹಿಸಬೇಕು. ಎಲ್ಲೆ ಎತ್ತರದಲ್ಲಿದೆ ಎಂದ ಮಾತ್ರಕ್ಕೆ ಹುಡುಗ ಅಲ್ಲಿಗೆ ತಲುಪುತ್ತಾನೆ ಎಂಬ ಖಾತರಿಯಿಲ್ಲ. ತಲುಪಿಸುವುದು ವೃತ್ತಿಪರತೆ ಮತ್ತು ಮಹತ್ವಾಕಾಂಕ್ಷೆ ಎಂಬ ಎರಡು ಗುಣಗಳು. ಇವೂ ಮರೆಯಲ್ಲೇ ಇರುತ್ತವೆ. ಛಲ, ಅಂದರೆ ಡಿಟರ್ಮಿನೇಷನ್ ಮಾತ್ರ 1ರಿಂದ 20ರ ಅಳತೆಯಲ್ಲಿ ಕಣ್ಣೆದುರೇ ಇದೆ. ಉಳಿದವನ್ನೆಲ್ಲ ಆಟ ಒಂದೇ ಪದದಲ್ಲಿ ಕಟ್ಟಿ ವ್ಯಕ್ತಿತ್ವದ ಜಾಗದಲ್ಲಿ ತೋರಿಸುತ್ತದೆ. ಒಳ್ಳೆಯದರಿಂದ ಕೆಟ್ಟದ್ದರ ಕಡೆಗೆ ಹೇಳುವುದಾದರೆ: ಮಾಡೆಲ್ ಸಿಟಿಝನ್, ಪ್ರೊಫೆಷನಲ್, ರೆಸೊಲ್ಯೂಟ್, ಬ್ಯಾಲೆನ್ಸ್ಡ್, ಕ್ಯಾಶುವಲ್, ಸ್ಲ್ಯಾಕ್ ಎಂದು. ಹೊಸಬರು ಈ ಪದವನ್ನು ಓದದೆ ನಕ್ಷತ್ರ ಎಣಿಸುತ್ತಾರೆ. ನಾನು ಈಗ ಮೊದಲು ಈ ಪದವನ್ನು ಓದುತ್ತೇನೆ, ಆಮೇಲೆ ನಕ್ಷತ್ರ. ಬ್ಯಾಲೆನ್ಸ್ಡ್ ಎಂಬ ಪದವನ್ನು ಮಾತ್ರ ಪೂರ್ತಿ ನಂಬಬೇಡಿ. ಅದರ ಹಿಂದೆ ಒಳ್ಳೆಯ ಹುಡುಗನೂ ಇರಬಹುದು, ಸಾಧಾರಣದವನೂ ಇರಬಹುದು. ಪಕ್ಕದಲ್ಲೇ ಮಾಧ್ಯಮದವರ ಜೊತೆ ಅವನು ನಡೆದುಕೊಳ್ಳುವ ರೀತಿ ಬರೆದಿರುತ್ತದೆ. ಎರಡನ್ನೂ ಕೂಡಿಸಿ ಓದಿದರೆ ಅರ್ಧ ಮರೆ ಸರಿಯುತ್ತದೆ.

ನಾನು ಹೇಳುತ್ತಿರುವುದು 2023ರ ನವೆಂಬರ್‌ನಲ್ಲಿ ಬಂದ 2024ರ ಆವೃತ್ತಿಯ ಅನುಭವ. ಹಳೆಯ ಆವೃತ್ತಿಗಳನ್ನು ಆಡಿದವರಿಗೆ ಟ್ಯೂಟರಿಂಗ್ ನೆನಪಿರುತ್ತದೆ: ಒಬ್ಬ ಹಿರಿಯ, ಒಬ್ಬ ಕಿರಿಯ, ಇಬ್ಬರ ಆಟದ ಜಾಗವೂ ಹೊಂದಬೇಕು. ಕೆಲವೊಮ್ಮೆ ಇಬ್ಬರಿಗೂ ಮನಸ್ತಾಪವಾಗಿ ಅರ್ಧಕ್ಕೇ ಮುರಿದುಬೀಳುತ್ತಿತ್ತು. 2018ರ ನವೆಂಬರ್‌ನಲ್ಲಿ ಬಂದ 2019ರ ಆವೃತ್ತಿ ಅದನ್ನು ತೆಗೆದು ಗುಂಪು ಪದ್ಧತಿ ತಂದಿತು. ಈಗ ಗುಂಪಿನಲ್ಲಿ ಕನಿಷ್ಠ ಮೂವರು ಬೇಕು. ಇಂಥವನು ಗುರು, ಇಂಥವನು ಶಿಷ್ಯ ಎಂದು ಎಲ್ಲಿಯೂ ಬರೆದಿರುವುದಿಲ್ಲ. ಮೂವರೂ ಒಬ್ಬರ ಮೇಲೊಬ್ಬರು ಪ್ರಭಾವ ಬೀರುತ್ತಾರೆ, ಯಾರ ಮಾತಿಗೆ ಬೆಲೆ ಹೆಚ್ಚೋ ಅವರ ಕಡೆಗೆ ಉಳಿದವರು ವಾಲುತ್ತಾರೆ. ವಾಲುವುದು ಒಳ್ಳೆಯದರ ಕಡೆಗೇ ಆಗಬೇಕೆಂದಿಲ್ಲ. ಎಷ್ಟೋ ಜನ ಎಡವುವುದು ಇಲ್ಲಿಯೇ.

ಗುಂಪಿಗೆ ಯಾರು: ನಾಯಕನೋ, ತಾರೆಯೋ, ಹೊರಗಿನ ಹಿರಿಯನೋ

ನಾನೂ ಎಡವಿದ್ದೇನೆ. ಕಾರವಾರದವನಾದ್ದರಿಂದ ಆಟದಲ್ಲಿ ನಾನು ಹಿಡಿದದ್ದು ಪಕ್ಕದ ಗೋವಾದ ಕ್ಲಬ್. ಎರಡನೆಯ ಸೀಸನ್ನಿನಲ್ಲಿ ಹದಿನಾರರ ಒಬ್ಬ ಸ್ಟ್ರೈಕರ್ ಬಂದ. ವೇಗ ಇತ್ತು, ಎರಡೂ ಕಾಲು ಆಡುತ್ತಿದ್ದವು. ವ್ಯಕ್ತಿತ್ವದ ಜಾಗದಲ್ಲಿ ಕ್ಯಾಶುವಲ್, ಡಿಟರ್ಮಿನೇಷನ್ 6. ಆಗ ನನ್ನಲ್ಲಿ ಇಪ್ಪತ್ತೈದರ ಒಬ್ಬ ವಿಂಗರ್ ಇದ್ದ. ಆ ಸಲ ಅತಿ ಹೆಚ್ಚು ಗೋಲು ಹೊಡೆದವನು, ಅಭಿಮಾನಿಗಳ ಕಣ್ಮಣಿ. ಆಟದ ಶೈಲಿಯೂ ಹುಡುಗನದಕ್ಕೆ ಹತ್ತಿರ. ಇವನಿಗಿಂತ ಒಳ್ಳೆಯ ಜೊತೆ ಎಲ್ಲಿ ಸಿಕ್ಕೀತು ಎಂದುಕೊಂಡು ಹುಡುಗನನ್ನು ಅವನ ಗುಂಪಿಗೆ ಹಾಕಿದೆ. ವಿಂಗರ್‌ನ ಡಿಟರ್ಮಿನೇಷನ್ ಎಷ್ಟೆಂದು ನೋಡಲಿಲ್ಲ. ಅದು 8 ಇತ್ತು, ಸಿಟ್ಟು ಮೂಗಿನ ತುದಿಯಲ್ಲಿತ್ತು. ಆರು ತಿಂಗಳು ಕಳೆದರೂ ಹುಡುಗನ ಅಂಕೆ 6ರಲ್ಲೇ ನಿಂತಿತ್ತು. ವಿಂಗರ್‌ನಿಂದ ಅವನಿಗೆ ಬಂದದ್ದು ಒಂದೇ: ರೆಫರಿಯ ಜೊತೆ ವಾದಕ್ಕೆ ಇಳಿಯುವ ಚಾಳಿ. ಅದು ಅವನ ಆಟದ ಲಕ್ಷಣಗಳ ಪಟ್ಟಿಯಲ್ಲಿ ಹೊಸದಾಗಿ ಸೇರಿಕೊಂಡಿತ್ತು.

ಆ ಸೀಸನ್ ಮುಗಿದ ಮೇಲೆ ಗುಂಪು ಬದಲಿಸಿದೆ. ಈ ಸಲ ನಾಯಕ, ಮೂವತ್ತಮೂರರ ಸೆಂಟರ್ ಬ್ಯಾಕ್, ಅಂದರೆ ಡಿಫೆಂಡರ್, ಡಿಟರ್ಮಿನೇಷನ್ 17, ವ್ಯಕ್ತಿತ್ವ ಪ್ರೊಫೆಷನಲ್. ಅವನ ಜೊತೆಗೆ ಗೋಲ್‌ಕೀಪರ್, ಮೂವತ್ತರವನು, ರೆಸೊಲ್ಯೂಟ್. ಇಬ್ಬರೂ ತಂಡದ ನಾಯಕರ ಸಾಲಿನವರು, ಇಬ್ಬರೂ ತಂಡದೊಳಗಿನ ಮುಖ್ಯ ಸ್ನೇಹವಲಯದವರು. ಸ್ಟ್ರೈಕರ್‌ಗೆ ಡಿಫೆಂಡರ್ ಏನು ಕಲಿಸಿಯಾನು ಎಂಬ ಅನುಮಾನ ನನಗೂ ಇತ್ತು. ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಹುಡುಗನ ಪುಟ ತೆರೆದು ನೋಡಿ ಮುಚ್ಚುತ್ತಿದ್ದೆ. ಮೂರನೆಯ ತಿಂಗಳು 6 ಇದ್ದದ್ದು 7 ಆಗಿ ಪಕ್ಕದಲ್ಲಿ ಹಸಿರು ಬಾಣ ಮೂಡಿತು. ದಸರೆಯ ಹೊತ್ತಿಗೆ 8. ಸೀಸನ್ ಮುಗಿಯುವಾಗ 11, ಕ್ಯಾಶುವಲ್ ಎಂಬ ಪದ ಹೋಗಿ ಬ್ಯಾಲೆನ್ಸ್ಡ್ ಬಂದಿತ್ತು. ಅದಾಗಿ ಎಂಟು ತಿಂಗಳಿಗೆ ಫೇರ್ಲಿ ಪ್ರೊಫೆಷನಲ್. ಆ ದಿನ ನಾನು ಆಟ ನಿಲ್ಲಿಸಿ ಹೊರಗೆ ಬಂದು ಮಳೆ ನೋಡುತ್ತಾ ನಿಂತಿದ್ದೆ, ಅಷ್ಟು ಸಂತೋಷವಾಗಿತ್ತು.

ಹಾಗಾಗಿ ನಾಯಕ ಮತ್ತು ತಾರೆ ಇಬ್ಬರಲ್ಲಿ ಒಬ್ಬನನ್ನು ಆರಿಸಬೇಕಾದರೆ ಕಣ್ಣು ಮುಚ್ಚಿ ನಾಯಕನನ್ನು ಆರಿಸಿ ಎನ್ನುತ್ತೇನೆ. ಕಾರಣ ಆಟದ ಒಳಗಿನ ಲೆಕ್ಕದಲ್ಲೇ ಇದೆ. ಡ್ರೆಸ್ಸಿಂಗ್ ರೂಮಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದಕ್ಕೆ ಶ್ರೇಣಿಯಿದೆ: ಎಲ್ಲರಿಗಿಂತ ಮೇಲೆ ತಂಡದ ನಾಯಕರು, ಆಮೇಲೆ ಬಹಳ ಪ್ರಭಾವಿಗಳು, ಅವರ ಕೆಳಗೆ ಪ್ರಭಾವಿಗಳು, ಕೊನೆಗೆ ಉಳಿದವರು. ಮೇಲಿದ್ದಷ್ಟೂ ಹುಡುಗನ ಮೇಲೆ ಹಿಡಿತ ಜಾಸ್ತಿ. ಹಿರಿಯನೂ ಹುಡುಗನೂ ಒಂದೇ ಸ್ನೇಹವಲಯದಲ್ಲಿದ್ದರೆ ಇನ್ನೂ ಜಾಸ್ತಿ. ಇವರು ಆಡುವ ಜಾಗ ಬೇರೆಯಾದರೆ ಏನೂ ನಷ್ಟವಿಲ್ಲ.

ಹೊರಗಿನಿಂದ ಹಿರಿಯನನ್ನು ತರುವ ಆಸೆ ಹಲವರಿಗೆ. ಮೂವತ್ತನಾಲ್ಕರ ವಿದೇಶಿ, ಮಾಡೆಲ್ ಸಿಟಿಝನ್ ಎಂದು ಬರೆದದ್ದು ನೋಡಿದರೆ ಬಾಯಲ್ಲಿ ನೀರೂರುತ್ತದೆ. ನಮ್ಮ ಇಂಡಿಯನ್ ಸೂಪರ್ ಲೀಗಿನಲ್ಲಿ ಮೈದಾನಕ್ಕಿಳಿಯುವ ಹನ್ನೊಂದರಲ್ಲಿ ವಿದೇಶಿಯರು ನಾಲ್ವರಿಗಿಂತ ಹೆಚ್ಚು ಇರಬಾರದೆಂಬ ನಿಯಮ 2021–22ರಲ್ಲಿ ಬಂತು. ಆ ನಾಲ್ಕರಲ್ಲಿ ಒಂದು ಜಾಗವನ್ನು ಬುದ್ಧಿ ಹೇಳುವವನಿಗೆ ಕೊಟ್ಟರೆ ಗೋಲು ಹೊಡೆಯುವವನು ಬೆಂಚಿನಲ್ಲಿ ಕೂರಬೇಕಾಗುತ್ತದೆ. ಬುದ್ಧಿ ಹೇಳುವವನನ್ನೇ ಕೂರಿಸಿದರೆ ಅವನು ಶ್ರೇಣಿಯಲ್ಲಿ ಮೇಲೇರುವುದಿಲ್ಲ. ಹೊಸಬ, ಭಾಷೆ ಬೇರೆ, ಸ್ನೇಹವಲಯದ ಹೊರಗೆ. ಅವನ ಮಾತಿಗೆ ಬೆಲೆ ಬರುವಷ್ಟರಲ್ಲಿ ಒಪ್ಪಂದ ಮುಗಿದಿರುತ್ತದೆ. ಇದಕ್ಕೆ ಹಣ ಸುರಿಯುವುದಕ್ಕಿಂತ ತಂಡದಲ್ಲೇ ಇರುವ, ಆರೇಳು ವರ್ಷ ಅಲ್ಲೇ ಬೆವರು ಹರಿಸಿದ ಸಾಧಾರಣ ಆಟಗಾರ ಮೇಲು. ಅವನ ಕೌಶಲ ಹನ್ನೆರಡು ಇರಲಿ, ಹದಿಮೂರು ಇರಲಿ, ಹುಡುಗನಿಗೆ ಬೇಕಾದದ್ದು ಅದಲ್ಲ.

ಇದು ಆಟದ ಕಟ್ಟುಕತೆಯಲ್ಲ ಎಂದು ನನಗೆ ಅನ್ನಿಸುವುದು ನಮ್ಮ ಕಾರವಾರದ ಮಾಲಾದೇವಿ ಮೈದಾನದಲ್ಲಿ. ಸಂಜೆ ಅಲ್ಲಿ ಹುಡುಗರು ಆಡುತ್ತಿರುತ್ತಾರೆ. ಅವರಲ್ಲೊಬ್ಬ ವಯಸ್ಸಾದವನು, ಕಾಲು ಮೊದಲಿನಂತೆ ಓಡುವುದಿಲ್ಲ. ಆಟ ಮುಗಿದ ಮೇಲೆ ಅವನು ಕುಳಿತು ಬೂಟಿನ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಾನೆ, ಲೇಸು ಬಿಚ್ಚಿ ಎರಡೂ ಬೂಟು ಜೋಡಿಸಿ ಕಟ್ಟುತ್ತಾನೆ, ಆಮೇಲೆ ಚೆಂಡುಗಳನ್ನು ಎಣಿಸುತ್ತಾನೆ. ಯಾರಿಗೂ ಹೀಗೆ ಮಾಡಿ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಈ ವರ್ಷ ನೋಡಿದರೆ ಅವನ ಎಡಬಲಕ್ಕೆ ಕೂರುವ ಮೂರು ಹುಡುಗರು ಕಡ್ಡಿ ಹುಡುಕಿಕೊಂಡು ಬಂದು ಬೂಟು ಕೆರೆಯುತ್ತಿದ್ದರು. ಮೈದಾನದ ಆಚೆ ಬದಿಯಲ್ಲಿ ಕೂರುವವರು ಬೂಟನ್ನು ಕೆಸರಿನೊಂದಿಗೇ ಚೀಲಕ್ಕೆ ತುರುಕುತ್ತಾರೆ.

ಗುಂಪಿನ ಗಾತ್ರದ ವಿಷಯದಲ್ಲಿ ನನ್ನ ಪದ್ಧತಿ ಇಬ್ಬರು ಹಿರಿಯರಿಗೆ ಒಬ್ಬ ಹುಡುಗ. ಒಬ್ಬ ನಾಯಕನ ಕೆಳಗೆ ನಾಲ್ಕು ಅಸಡ್ಡೆಯ ಹುಡುಗರನ್ನು ಹಾಕಿದರೆ ಅವರು ಒಬ್ಬರನ್ನೊಬ್ಬರು ಕೆಳಗೆ ಎಳೆಯುತ್ತಾರೆ. ಇಪ್ಪತ್ತನಾಲ್ಕು ದಾಟಿದವರ ಸ್ವಭಾವ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ, ಅವರಿಗೆ ಭಯವಿಲ್ಲ. ಆದರೆ ಇಪ್ಪತ್ತು, ಇಪ್ಪತ್ತೊಂದರ ಒಳ್ಳೆಯ ಹುಡುಗನನ್ನು ಹಿರಿಯನೆಂದು ಗುಂಪಿಗೆ ಸೇರಿಸಬೇಡಿ, ಅವನೇ ಕೆಡುವ ಸಾಧ್ಯತೆಯಿದೆ. ಮತ್ತೆ, ಹುಡುಗ ಯುವ ತಂಡದಲ್ಲಿದ್ದರೆ ಮೊದಲ ತಂಡದ ಹಿರಿಯರ ಗುಂಪಿಗೆ ಸೇರಲಾರ. ಅವನನ್ನು ಮೊದಲ ತಂಡಕ್ಕೆ ಏರಿಸಿ, ಪಂದ್ಯಕ್ಕೆ ಮಾತ್ರ ಯುವ ತಂಡಕ್ಕೆ ಲಭ್ಯ ಎಂದು ಗುರುತು ಹಾಕಿ. ಈ ಒಂದು ಗುರುತು ಮರೆತು ಒಂದಿಡೀ ವರ್ಷ ಪಂದ್ಯವಿಲ್ಲದೆ ಕಳೆದ ಹುಡುಗರಿದ್ದಾರೆ.

ಲಕ್ಷಣಗಳೂ ಗುಂಪಿನಲ್ಲಿ ದಾಟುತ್ತವೆ ಎಂದು ಮೇಲೆಯೇ ಕಂಡಿರಿ. ಹಿರಿಯನ ಪಟ್ಟಿಯಲ್ಲಿ ನೆಲಕ್ಕೆ ಜಾರಿ ಟ್ಯಾಕಲ್‌ಗೆ ನುಗ್ಗುವ ಅಭ್ಯಾಸ ಇದ್ದರೆ ನಿಮ್ಮ ಮಿಡ್‌ಫೀಲ್ಡರ್‌ಗೆ ಅದು ಬೇಕೇ ಎಂದು ಯೋಚಿಸಿ. ಅಂಟಿಕೊಂಡ ಮೇಲೆ ಬಿಡಿಸುವುದು ನಿಧಾನದ ಕೆಲಸ.

ಲೋನ್

ಲೋನ್‌ಗೆ ನಾನು ವಿರೋಧಿಯಲ್ಲ. ಹದಿನೆಂಟರ ಮೇಲೆ ಹುಡುಗನನ್ನು ಬೆಳೆಸುವುದು ಅಭ್ಯಾಸಕ್ಕಿಂತ ಹೆಚ್ಚಾಗಿ ದೊಡ್ಡವರ ಪಂದ್ಯ. ಅದು ಇಲ್ಲಿ ಸಿಗದಿದ್ದರೆ ಇನ್ನೊಂದು ಊರಿಗೆ ಹೋಗಲೇಬೇಕು. ನಮ್ಮ ಕಡೆಯ ಎಷ್ಟೋ ಮಕ್ಕಳು ಆಡುವುದಕ್ಕೆಂದು ಮಡಗಾಂವಿಯ ರೈಲು ಹತ್ತಿದ ಹಾಗೆ. ಆದರೆ ಕಳಿಸುವಾಗ ಒಂದು ಮಾತು ತಿಳಿದಿರಲಿ: ಲೋನ್‌ಗೆ ಹೋದ ದಿನವೇ ನಿಮ್ಮ ಮೆಂಟರಿಂಗ್ ಗುಂಪಿನಿಂದ ಅವನು ಹೊರಗೆ. ಅಲ್ಲಿ ಅವನು ಯಾರ ಪಕ್ಕ ಕೂರುತ್ತಾನೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಸ್ವಭಾವ ಇನ್ನೂ ಹಸಿ ಇರುವವನನ್ನು ಕಳಿಸಬಾರದು ಎನ್ನುವುದು ಇದಕ್ಕೇ.

ಕಳಿಸುವುದೇ ಆದರೆ ಲೀಗಿನ ಹೆಸರು ನೋಡಿ ಮರುಳಾಗಬೇಡಿ. ಹದಿನೇಳರ ಒಬ್ಬ ಫುಲ್ ಬ್ಯಾಕನ್ನು ನಾನು ದೊಡ್ಡ ಹೆಸರಿನ ಒಂದು ಕ್ಲಬ್ಬಿಗೆ ಒಂದು ಸೀಸನ್ ಕಳಿಸಿದೆ. ನಾಲ್ಕು ಪಂದ್ಯ ಆಡಿಸಿದರು, ಅದರಲ್ಲಿ ಎರಡು ಬೇರೆ ಜಾಗದಲ್ಲಿ. ಹೋದ ಹಾಗೆಯೇ ವಾಪಸ್ ಬಂದ, ಒಂದು ವರ್ಷ ಹೆಚ್ಚಿಗೆ ವಯಸ್ಸಾಗಿತ್ತು ಅಷ್ಟೆ. ಆ ಕ್ಲಬ್ ಅವನಿಗೆ ಯಾವ ಸ್ಥಾನಮಾನ ಕೊಡುತ್ತದೆ, ಯಾವ ಜಾಗದಲ್ಲಿ ಆಡಿಸುತ್ತದೆ, ಅಲ್ಲಿಯ ತರಬೇತಿ ಸೌಲಭ್ಯ ನಿಮ್ಮದಕ್ಕಿಂತ ತೀರಾ ಕೆಳಗಿದೆಯೇ, ಈ ಮೂರನ್ನು ನೋಡಿ. ಆಡಿಸದಿದ್ದರೆ ತಿಂಗಳ ಶುಲ್ಕ ಹೆಚ್ಚು ಕೊಡಬೇಕೆಂಬ ಷರತ್ತು ಹಾಕಿ, ವಾಪಸ್ ಕರೆಸುವ ಹಕ್ಕನ್ನು ಬಿಟ್ಟುಕೊಡಬೇಡಿ.

ಸೀದಾ ಮೊದಲ ತಂಡದಲ್ಲಿ ಆಡಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ, ಎಲ್ಲರಿಗೂ ತೆರೆದಿರುವುದಿಲ್ಲ ಎಂಬುದೊಂದೇ ಅದರ ದೋಷ. ಇದರಲ್ಲಿ ಪಂದ್ಯವೂ ಸಿಗುತ್ತದೆ, ಹಿರಿಯರ ಗುಂಪೂ ಕೈಬಿಡುವುದಿಲ್ಲ. ಎರಡು ಗೋಲಿನ ಮುನ್ನಡೆ ಇರುವಾಗ ಕೊನೆಯ ಇಪ್ಪತ್ತು ನಿಮಿಷ, ಕಪ್‌ನ ಮೊದಲ ಸುತ್ತುಗಳು, ಇವೇ ಅವನ ಜಾಗ. ಹದಿನೆಂಟು ದಾಟಿಯೂ ಸ್ವಭಾವ ಕೆಟ್ಟವನಿಗೆ ನಾನು ಸೂಚಿಸುವುದು ಇದನ್ನೇ: ಅರ್ಧ ಸೀಸನ್ ನಾಯಕನ ಗುಂಪಿನಲ್ಲಿ ಇಟ್ಟು ಜೊತೆಗೇ ಕಪ್ ಪಂದ್ಯಗಳಲ್ಲಿ ಇಳಿಸಿ. ಜನವರಿಯಲ್ಲಿ ಅವನ ಪುಟ ತೆರೆದಾಗ ಏನಾದರೂ ಅಲುಗಾಡಿದ್ದರೆ ಇನ್ನರ್ಧವೂ ಇಟ್ಟುಕೊಳ್ಳಿ. ಅಲುಗಾಡದಿದ್ದರೆ ಲೋನ್‌ಗೆ ಕಳಿಸಿ, ಒಳ್ಳೆಯ ಬೆಲೆ ಬಂದರೆ ಮಾರಿಬಿಡಿ. ಹೇಳಲು ಬೇಸರ, ಆದರೆ ಇಪ್ಪತ್ತಮೂರು ಇಪ್ಪತ್ತನಾಲ್ಕರವರೆಗೆ ಕಾದರೆ ಆಮೇಲೆ ಬದಲಿಸುವ ಬಾಗಿಲು ಮುಚ್ಚಿರುತ್ತದೆ.

ಯುವ ತಂಡದಲ್ಲೇ ಬಿಟ್ಟರೆ

ಅಳಿಯನಿಗೆ ಇದನ್ನು ಅಡಿಕೆ ತೋಟದ ಮಾತಿನಲ್ಲಿ ಹೇಳಿದೆ. ಅವನ ಮನೆಯಲ್ಲಿ ಕೊನೆ, ಅಂದರೆ ಅಡಿಕೆ ಗೊನೆ ಕೊಯ್ಯುವ ದಿನ ಮರ ಹತ್ತಿದ ಕೊನೆಗೌಡ ಮೇಲೆ ಮರದಿಂದ ಮರಕ್ಕೆ ಹಾರುತ್ತಿದ್ದರೆ ಕೆಳಗೆ ಹಗ್ಗ ಹಿಡಿದು ನಿಲ್ಲುವವನು ಒಬ್ಬನಿರುತ್ತಾನೆ. ಎಷ್ಟೋ ಕಡೆ ಅವನು ಕೊನೆಗೌಡನ ಮಗನೋ ತಮ್ಮನೋ. ಹಗ್ಗ ಎಷ್ಟು ಬಿಗಿ ಇದ್ದರೆ ಕೊನೆ ಉದುರದೆ ಜಾರುತ್ತದೆ, ಯಾವ ಕೊನೆ ಬಲಿತಿದೆ, ಯಾವುದು ಇನ್ನೊಂದು ವಾರ ನಿಲ್ಲಬೇಕು ಎಂಬುದೆಲ್ಲ ಅವನ ಕಣ್ಣಿಗೆ ಕೆಳಗೆ ನಿಂತೇ ಬರುತ್ತದೆ. ಆದರೆ ಮೇಲೆ ಇರುವವನು ಪಳಗಿದವನಾಗಿರಬೇಕು. ಯುವ ತಂಡವೂ ಹಾಗೆ. ಒಳ್ಳೆಯ ತರಬೇತುದಾರರು, ಒಳ್ಳೆಯ ಸೌಲಭ್ಯ ಇದ್ದರೆ ಹದಿನಾರು, ಹದಿನೇಳರ ಹುಡುಗನಿಗೆ ಅಭ್ಯಾಸವೇ ಮುಖ್ಯ ಊಟ. ಬರಿಯ ತನ್ನ ವಯಸ್ಸಿನವರ ನಡುವೆ ಇರುವ ಅಸಡ್ಡೆಯ ಹುಡುಗ ಮಾತ್ರ ಅಸಡ್ಡೆಯವನಾಗಿಯೇ ಉಳಿಯುತ್ತಾನೆ.

ಇಲ್ಲಿ ಎಲ್ಲರೂ ಕಡೆಗಣಿಸುವ ಒಂದು ಹುದ್ದೆಯಿದೆ, ಯುವ ವಿಭಾಗದ ಮುಖ್ಯಸ್ಥ. ಪ್ರತಿ ವರ್ಷ ಬರುವ ಹೊಸ ಹುಡುಗರ ಸ್ವಭಾವದ ಮೇಲೆ ಇವನ ವ್ಯಕ್ತಿತ್ವದ ನೆರಳು ಬೀಳುತ್ತದೆ. ಇವನನ್ನು ಆರಿಸುವಾಗ ತರಬೇತಿಯ ಅಂಕೆಗಿಂತ ಮೊದಲು ವ್ಯಕ್ತಿತ್ವದ ಪದ ಓದಿ. ಈಗಿರುವ ಹುಡುಗನಿಗೆ ಇದರಿಂದ ಉಪಯೋಗವಿಲ್ಲ, ಮುಂದಿನ ವರ್ಷದ ಹುಡುಗನಿಗೆ ಇದೆ.

ಮತ್ತೆ ಅಳಿಯನ ಹುಡುಗನಿಗೆ ಬರುತ್ತೇನೆ. ಹದಿನಾರು ವರ್ಷ, ಕ್ಯಾಶುವಲ್, ಡಿಟರ್ಮಿನೇಷನ್ 7. ನಾಯಕ ಯಾರು ಎಂದು ಕೇಳಿದೆ. ಮೂವತ್ತೈದರವನು, ಕಾಲು ನಿಧಾನ, ಒಪ್ಪಂದ ಆ ಸೀಸನ್ನಿಗೆ ಮುಗಿಯುತ್ತದೆ, ಬಿಡಬೇಕೆಂದಿದ್ದೇನೆ ಎಂದ. ಡಿಟರ್ಮಿನೇಷನ್ 18. "ಬಿಡಬೇಡ, ಇನ್ನೊಂದು ವರ್ಷಕ್ಕೆ ಒಪ್ಪಂದ ಬರೆಸು. ಸಂಬಳ ಹೆಚ್ಚಾಯಿತು ಅನ್ನಿಸಿದರೆ ಅದನ್ನು ಹುಡುಗನ ಲೆಕ್ಕಕ್ಕೆ ಬರೆದುಕೋ" ಎಂದೆ. ಆದರೆ ಪೂರ್ತಿ ಬೆಂಚಿನಲ್ಲಿ ಕೂರಿಸಬಾರದು. ಆಡದ ನಾಯಕನಿಗೆ ಶ್ರೇಣಿಯಲ್ಲಿ ಜಾಗ ಇಳಿಯುತ್ತದೆ, ಅದರೊಂದಿಗೆ ಅವನ ಮಾತಿನ ಬೆಲೆಯೂ ಇಳಿಯುತ್ತದೆ. ಗುಂಪಿನ ಎರಡನೆಯ ಹಿರಿಯನಾಗಿ ಇಪ್ಪತ್ತೆಂಟರ ಒಬ್ಬ ಮಿಡ್‌ಫೀಲ್ಡರ್ ಸಿಕ್ಕ.

ಅಳಿಯ ಹಾಗೆಯೇ ಮಾಡಿದ. ನಾಯಕನನ್ನು ಆ ವರ್ಷ ಹದಿಮೂರು ಪಂದ್ಯಗಳಲ್ಲಿ ಆಡಿಸಿದ, ಹುಡುಗನನ್ನು ಯುವ ತಂಡದ ಪಂದ್ಯಗಳಿಗೂ ಬಿಟ್ಟ. ಹೋದ ವಾರ ಮತ್ತೆ ಫೋನ್ ಬಂತು. ಹುಡುಗನಿಗೆ ಈಗ ಹದಿನೆಂಟು, ಡಿಟರ್ಮಿನೇಷನ್ 13. ನಾಯಕ ನಿವೃತ್ತಿ ಹೇಳಿದ್ದಾನೆ, ತರಬೇತುದಾರನಾಗಿ ಇರಿಸಿಕೊಂಡಿದ್ದೇನೆ ಎಂದ. ಈಗ ಮೂರು ಕ್ಲಬ್‌ಗಳು ಹುಡುಗನನ್ನು ಲೋನ್‌ಗೆ ಕೇಳುತ್ತಿವೆ. ಒಂದು ಮೇಲಿನ ಲೀಗಿನದು, ಅಲ್ಲಿ ಬದಲಿ ಆಟಗಾರ. ಇನ್ನೊಂದು ಅವನನ್ನು ವಿಂಗ್‌ನಲ್ಲಿ ಆಡಿಸುತ್ತದೆಯಂತೆ. ಮೂರನೆಯದು ಕೆಳಗಿನ ಲೀಗಿನ ಸಣ್ಣ ಕ್ಲಬ್, ಅವನದೇ ಜಾಗ, ಪ್ರತಿ ಪಂದ್ಯ. ಮೂರನೆಯದಕ್ಕೆ ಕಳಿಸು ಎಂದಿದ್ದೇನೆ.